ಬ್ಯಾಂಕಿಗೆ ಒಂದು ಪಾಲಿಸಿ ಇದೆ, ನಿಮಗೆ? ಅಮೆರಿಕದಲ್ಲಿ ಮನೆ ಕೊಳ್ಳುವ ಕನ್ನಡಿಗರಲ್ಲಿ ಒಂದು ಮನವಿ



ಬ್ಯಾಂಕ್ ಸಾಲದಲ್ಲಿ ಮನೆ ಕೊಳ್ಳುವವರ ಕೈಗೆ ಕ್ಲೋಸಿಂಗ್‌ಗೆ (ಖರೀದಿ ಪೂರ್ತಿಯಾಗುವ ದಿನಕ್ಕೆ) ಮೂರು ಕೆಲಸದ ದಿನ ಮೊದಲು ಐದು ಪುಟದ ಲೆಕ್ಕಪತ್ರ ಬರುತ್ತದೆ. ಕ್ಲೋಸಿಂಗ್ ಡಿಸ್‌ಕ್ಲೋಷರ್ ಎಂದು ಅದರ ಹೆಸರು. ಅದರ ಎರಡನೆಯ ಪುಟದಲ್ಲಿ, ಬಡ್ಡಿ, ತೆರಿಗೆ, ಎಸ್ಕ್ರೋ ಮೊತ್ತಗಳೆಲ್ಲ ಮುಗಿದ ಮೇಲೆ, 'ಓನರ್ಸ್ ಟೈಟಲ್ ಇನ್ಶೂರೆನ್ಸ್' (ಮಾಲೀಕತ್ವದ ದೋಷದಿಂದ ಕೊಂಡವರಿಗಾಗುವ ನಷ್ಟಕ್ಕೆ ವಿಮೆ) ಎಂಬ ಸಾಲೊಂದು ಇರುತ್ತದೆ. ಪಕ್ಕದಲ್ಲಿ 'ಆಪ್ಷನಲ್' ಎಂದು ಬರೆದಿರುತ್ತದೆ. ಅಷ್ಟು ಹೊತ್ತಿಗೆ ಡೌನ್ ಪೇಮೆಂಟ್, ಇನ್‌ಸ್ಪೆಕ್ಷನ್, ಅಪ್ರೈಸಲ್ ಎಂದು ಕೈ ಬರಿದಾಗಿರುತ್ತದೆ. ಇಷ್ಟೆಲ್ಲ ಖರ್ಚಿನ ನಡುವೆ, ಬೇಡವೆನ್ನಬಹುದಾದದ್ದು ಅಂತ ಕಾಣುವುದು ಆ ಒಂದೇ ಸಾಲು. ಹಲವರು ಅದನ್ನು ಬೇಡವೆಂದೇ ಬಿಡುತ್ತಾರೆ.

ಆ ಸಾಲಿನ ಬಗ್ಗೆ ನೀವು ಕೊನೆಯ ಮೂರು ದಿನದಲ್ಲಿ ತೀರ್ಮಾನ ಮಾಡಬೇಡಿ ಎಂದು ಕೇಳಿಕೊಳ್ಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಮನೆ ಕೊಳ್ಳುವ ಬಹುಪಾಲು ಜನ ಆ ಪಾಲಿಸಿ ತೆಗೆದುಕೊಳ್ಳಬೇಕು. ಆದರೆ ಕಣ್ಣು ಮುಚ್ಚಿಕೊಂಡು ಅಲ್ಲ. ಬೆಲೆ ವಿಚಾರಿಸಿ, ಅದರಲ್ಲಿ ಏನಿದೆ ಏನಿಲ್ಲ ಎಂದು ಓದಿ ತೆಗೆದುಕೊಳ್ಳಬೇಕು.

ನಮ್ಮವರಲ್ಲಿ ಅತಿ ಹೆಚ್ಚು ಕಂಡುಬರುವ ತಪ್ಪು ತಿಳಿವಳಿಕೆ ಒಂದಿದೆ. "ಟೈಟಲ್ ಇನ್ಶೂರೆನ್ಸಿಗೆ ಆಗಲೇ ದುಡ್ಡು ಕಟ್ಟಿದ್ದೇನಲ್ಲ, ಇನ್ನೊಂದು ಯಾಕೆ?" ಎಂದು ಕೇಳುತ್ತಾರೆ. ದುಡ್ಡು ಕಟ್ಟಿದ್ದು ನಿಜ. ಆದರೆ ಆ ಪಾಲಿಸಿ ಬ್ಯಾಂಕಿನದು. ಸಾಲ ಕೊಡುವ ಸಂಸ್ಥೆ ತನ್ನ ಹಣದ ರಕ್ಷಣೆಗೆ ಲೆಂಡರ್ಸ್ ಪಾಲಿಸಿಯನ್ನು ಕಡ್ಡಾಯ ಮಾಡುತ್ತದೆ, ಅದರ ಪ್ರೀಮಿಯಂ ಸಾಮಾನ್ಯವಾಗಿ ನಿಮ್ಮಿಂದಲೇ ವಸೂಲಾಗುತ್ತದೆ. ಅದರ ಮೊತ್ತ ಸಾಲದಷ್ಟೇ. ಸಾಲ ತೀರಿದ ಹಾಗೆಲ್ಲ ಅದರ ರಕ್ಷಣೆಯೂ ಇಳಿಯುತ್ತದೆ, ಸಾಲ ಮುಗಿದಾಗ ಅದೂ ಮುಗಿಯುತ್ತದೆ.

ಆರು ಲಕ್ಷ ಡಾಲರಿನ ಮನೆ ಎಂದಿಟ್ಟುಕೊಳ್ಳಿ. ನಿಮ್ಮದು 1,20,000, ಬ್ಯಾಂಕಿನದು 4,80,000. ನಾಳೆ ಯಾರೋ ಬಂದು ಆ ಮನೆ ತಮ್ಮದೆಂದು ಕೋರ್ಟಿನಲ್ಲಿ ಸಾಧಿಸಿದರೆ ಬ್ಯಾಂಕಿನ ನಷ್ಟವನ್ನು ವಿಮಾ ಕಂಪನಿ ತುಂಬಿಕೊಡುತ್ತದೆ. ನಿಮ್ಮ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೆ ಅದು ಹೊಣೆಯಲ್ಲ. ಇನ್ನೂ ಕಹಿಯಾದ ಸಂಗತಿಯೊಂದಿದೆ. ಬ್ಯಾಂಕಿಗೆ ಹಣ ಕೊಟ್ಟ ವಿಮಾ ಕಂಪನಿಗೆ ಬ್ಯಾಂಕಿನ ಹಕ್ಕುಗಳೂ ದಾಟಬಹುದು. ಮನೆ ಹೋಯಿತೆಂದು ನೀವು ಸಹಿ ಹಾಕಿದ ಸಾಲಪತ್ರ ತಾನಾಗಿ ರದ್ದಾಗುವುದಿಲ್ಲ. ಆ ಡೌನ್ ಪೇಮೆಂಟಿನಲ್ಲಿ ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮ ಊರಿನ ಸೈಟು ಮಾರಿ ಕಳಿಸಿದ ಹಣವೂ ಸೇರಿರುತ್ತದೆ. ಅದನ್ನು ಕಾಯುವ ಕಾಗದ ಓನರ್ಸ್ ಪಾಲಿಸಿ. ಅದಕ್ಕೆ ಪ್ರೀಮಿಯಂ ಒಂದೇ ಸಲ, ಕ್ಲೋಸಿಂಗ್ ದಿನ. ನಿಮಗೆ, ನಿಮ್ಮ ನಂತರ ವಾರಸುದಾರರಾದ ಮಕ್ಕಳಿಗೆ, ಆ ಮನೆಯಲ್ಲಿ ಹಕ್ಕು ಇರುವವರೆಗೂ ಅದು ಉಳಿಯುತ್ತದೆ.

"ಇದೇನು ಬೆಂಗಳೂರೇ? ಇಲ್ಲಿನ ದಾಖಲೆ ಎಲ್ಲ ಸ್ವಚ್ಛ" ಎನ್ನುವವರಿಗೆ ಒಂದು ವಿಷಯ ನೆನಪಿಸಬೇಕು. ಕರ್ನಾಟಕದಲ್ಲಿ ಸಬ್‌ರಿಜಿಸ್ಟ್ರಾರ್ ಕಚೇರಿ ನೋಂದಾಯಿಸುವುದು ಪತ್ರವನ್ನು. ಮಾಲೀಕತ್ವ ಸರಿಯಿದೆ ಎಂದು ಸರ್ಕಾರ ಅಲ್ಲಿ ಖಾತರಿ ಕೊಡುವುದಿಲ್ಲ. 1908ರ ನೋಂದಣಿ ಕಾಯ್ದೆಯ ಸ್ವರೂಪವೇ ಹಾಗೆ. ಅದಕ್ಕೇ ನಾವು ಮದರ್ ಡೀಡ್ ಕೇಳುತ್ತೇವೆ, ಹಿಂದಿನ ವರ್ಷಗಳ ಇಸಿ ತೆಗೆಸುತ್ತೇವೆ, ವಂಶವೃಕ್ಷ ನೋಡುತ್ತೇವೆ, ವಕೀಲರಿಂದ ಲೀಗಲ್ ಒಪೀನಿಯನ್ ಬರೆಸುತ್ತೇವೆ. ಅಮೆರಿಕದ ಬಹುತೇಕ ಕಡೆ ವ್ಯವಸ್ಥೆಯ ಬುಡ ಇದೇ. ಮೂರು ಸಾವಿರಕ್ಕೂ ಹೆಚ್ಚು ಕೌಂಟಿಗಳಿವೆ. ಸಾಮಾನ್ಯವಾಗಿ ಆಯಾ ಕೌಂಟಿಯ ಕಚೇರಿಯೇ ಡೀಡ್, ಅಡಮಾನ, ತೀರ್ಪು, ತೆರಿಗೆ ಬಾಕಿಗಳ ಪತ್ರಗಳನ್ನು ದಾಖಲಿಸಿಕೊಳ್ಳುತ್ತದೆ. ತಂದುಕೊಟ್ಟ ಡೀಡಿನಲ್ಲಿ ಸಹಿ ಹಾಕಿದವರು ನಿಜವಾದ ಮಾಲೀಕರೇ ಎಂದು ಆ ಕಚೇರಿ ತೀರ್ಪು ಕೊಡುವುದಿಲ್ಲ. ಹಕ್ಕನ್ನೇ ನೋಂದಾಯಿಸಿ ಖಾತರಿ ಕೊಡುವ ಟಾರೆನ್ಸ್ ಪದ್ಧತಿ 1858ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಹುಟ್ಟಿತು. ಅಮೆರಿಕದಲ್ಲಿ ಮಿನೆಸೋಟ, ಮಸಾಚುಸೆಟ್ಸ್‌ನಂಥ ಕೆಲವೆಡೆ ಒಂದಿಷ್ಟು ಜಮೀನಿಗೆ ಮಾತ್ರ ಅದು ಉಳಿದಿದೆ.

ಈ ವಿಮೆ ಮಾಡಿಕೊಡುವ ಟೈಟಲ್ ಕಂಪನಿ ಕೌಂಟಿ ದಾಖಲೆಗಳನ್ನು ಹುಡುಕಿ ನೋಡುತ್ತದೆ, ಅದು ಒಳ್ಳೆಯ ಕೆಲಸವೇ. ಆದರೆ ಎಂಥ ಹುಡುಕಾಟಕ್ಕೂ ಸಿಗದ, ಅಥವಾ ಹುಡುಕಾಟದಲ್ಲಿ ಕಣ್ತಪ್ಪುವ ದೋಷಗಳಿವೆ, ಅವು ನಮಗೆ ಹೊಸವೂ ಅಲ್ಲ. ಹೆಣ್ಣುಮಕ್ಕಳ ಸಹಿ ಇಲ್ಲದೆ ಅಣ್ಣತಮ್ಮಂದಿರಷ್ಟೇ ಪಿತ್ರಾರ್ಜಿತ ಜಮೀನು ಮಾರಿ, ಕರ್ನಾಟಕದ 1994ರ ತಿದ್ದುಪಡಿ ಮತ್ತು 2005ರ ಕೇಂದ್ರದ ತಿದ್ದುಪಡಿಯ ಮೇಲೆ ಕೋರ್ಟು ಹತ್ತಿದ ಕ್ರಯಗಳನ್ನು ಕಾಣದ ತಾಲ್ಲೂಕು ನಮ್ಮಲ್ಲಿಲ್ಲ. ಜಿಪಿಎ ಮೇಲೆ ಸೈಟು ಕೊಂಡವರಿಗೆ 2011ರಲ್ಲಿ ಸುಪ್ರೀಂ ಕೋರ್ಟು ಅದರಿಂದ ಮಾಲೀಕತ್ವ ಬರುವುದಿಲ್ಲವೆಂದು ಖಚಿತವಾಗಿ ಹೇಳಿತು. ಅಮೆರಿಕದಲ್ಲಿ ಇವೇ ಬೇರೆ ವೇಷದಲ್ಲಿ ಬರುತ್ತವೆ. ವಿಧವೆ ತಾಯಿ ಮಾರಿದ ಮನೆಗೆ ಮೊದಲ ಮದುವೆಯ ಮಗನೊಬ್ಬ ಪಾಲು ಕೇಳುತ್ತಾನೆ. ಗಂಡ ಹೆಂಡತಿ ಇಬ್ಬರ ಹಕ್ಕೂ ಇರುವ ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ಒಬ್ಬರ ಸಹಿ ಬಿಟ್ಟುಹೋಗಿರುತ್ತದೆ. ಪವರ್ ಆಫ್ ಅಟಾರ್ನಿ ಕೊಟ್ಟವರು ಸತ್ತ ಮೇಲೆ ಅದೇ ಪವರ್ ಹಿಡಿದು ಇನ್ನೊಬ್ಬರು ಮಾರಿರುತ್ತಾರೆ. ಹಿಂದಿನ ಅಡಮಾನ ತೀರಿಸಿದ ಪತ್ರ ದಾಖಲಾಗಿರುವುದಿಲ್ಲ. ಮಾಲೀಕರದೇ ಹೆಸರಿನ ಬೇರೊಬ್ಬರ ಮೇಲಿದ್ದ ಕೋರ್ಟು ತೀರ್ಪಿನ ಬಾಕಿ ಮನೆಯ ಮೇಲೆ ಕೂತಿರುತ್ತದೆ. ಖಾಲಿ ನಿವೇಶನದ ಮಾಲೀಕರೆಂದು ಸುಳ್ಳು ಗುರುತು ತೋರಿಸಿ ಮಾರುವ ವಂಚನೆಯೂ ಇತ್ತೀಚೆಗೆ ಹೆಚ್ಚಿದೆ. ನಕಲಿ ಸಹಿಯ ಡೀಡ್ ಎಷ್ಟು ಕೈ ದಾಟಿದರೂ ಯಾರಿಗೂ ಹಕ್ಕು ಕೊಡುವುದಿಲ್ಲ. ನೀವು ಪ್ರಾಮಾಣಿಕವಾಗಿ ಪೂರ್ತಿ ಹಣ ಕೊಟ್ಟಿದ್ದರೂ ಅದು ನಿಲ್ಲುವುದಿಲ್ಲ.

ಈ ವಿಮೆ ಹುಟ್ಟಿದ್ದೇ ಇಂಥ ಒಂದು ನಷ್ಟದಿಂದ. 1868ರಲ್ಲಿ ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟಿನ ಮುಂದೆ 'ವಾಟ್ಸನ್ ವಿರುದ್ಧ ಮ್ಯೂರ್‌ಹೆಡ್' ಮೊಕದ್ದಮೆ ಬಂತು. ಆಸ್ತಿ ಕೊಳ್ಳುವಾಗ ಪತ್ರ ಪರಿಶೀಲಿಸಿದಾತನಿಗೆ ಹಳೆಯ ಕೋರ್ಟು ತೀರ್ಪೊಂದು ಕಣ್ಣಿಗೆ ಬಿದ್ದಿತ್ತು. ವಕೀಲರ ಅಭಿಪ್ರಾಯ ಕೇಳಿದ, ಅದರಿಂದ ಆಸ್ತಿಗೆ ತೊಂದರೆಯಿಲ್ಲ ಎಂದು ಅವರು ಹೇಳಿದರು. ಆ ಅಭಿಪ್ರಾಯ ತಪ್ಪಾಗಿತ್ತು, ಕೊಂಡವನಿಗೆ ನಷ್ಟವಾಯಿತು. ಪತ್ರ ಪರಿಶೀಲಿಸಿದಾತ ವಕೀಲರ ಮಾತು ನಂಬಿ ನಡೆದ, ಅದರಲ್ಲಿ ನಿರ್ಲಕ್ಷ್ಯವಿಲ್ಲ, ಆದ್ದರಿಂದ ಅವನು ಹೊಣೆಯಲ್ಲ ಎಂದಿತು ಕೋರ್ಟು. ಯಾರ ತಪ್ಪೂ ಅಲ್ಲದ ತಪ್ಪಿಗೆ ಕೊಂಡವನೇ ಬಲಿಯಾದ. 1874ರಲ್ಲಿ ಆ ರಾಜ್ಯ ಟೈಟಲ್ ವಿಮಾ ಕಂಪನಿಗಳಿಗೆ ಅವಕಾಶ ಕೊಡುವ ಕಾನೂನು ಮಾಡಿತು, 1876ರಲ್ಲಿ ಫಿಲಡೆಲ್ಫಿಯಾದಲ್ಲಿ ಮೊದಲ ಕಂಪನಿ ಶುರುವಾಯಿತು. ಲೀಗಲ್ ಒಪೀನಿಯನ್‌ಗೂ ಟೈಟಲ್ ವಿಮೆಗೂ ಇರುವ ಅಂತರ ಈ ಮೊಕದ್ದಮೆಯಲ್ಲೇ ಇದೆ. ಅಭಿಪ್ರಾಯ ಕೊಟ್ಟವರು ನಿರ್ಲಕ್ಷ್ಯ ತೋರಿದ್ದಾರೆಂದು ನೀವು ರುಜುವಾತು ಮಾಡಬೇಕು. ವಿಮೆ ಇದ್ದರೆ ಯಾರ ತಪ್ಪೆಂಬ ಪ್ರಶ್ನೆಯೇ ಬೇಕಿಲ್ಲ. ಬ್ಯಾಂಕುಗಳಿಂದ ಗೃಹಸಾಲಗಳನ್ನು ಕೊಳ್ಳುವ ಫ್ಯಾನಿ ಮೇ ಸಂಸ್ಥೆ 2022ರಿಂದ ಕೆಲವು ಸಾಲಗಳಿಗೆ ವಿಮೆಯ ಬದಲು ವಕೀಲರ ಅಭಿಪ್ರಾಯ ಪತ್ರ ಸಾಕು ಎಂದಿದೆ. ಅಗ್ಗವೆಂದು ಅದನ್ನು ಒಪ್ಪಿಕೊಳ್ಳುವವರು ಗಮನಿಸಿ, ಅದು ಬ್ಯಾಂಕಿನ ಪಾಲಿಸಿಯ ಬದಲಿಗೆ ಬಂದದ್ದು. ನಿಮ್ಮ ರಕ್ಷಣೆಯ ಪ್ರಶ್ನೆ ಅಲ್ಲಿಗೂ ಹಾಗೆಯೇ ಉಳಿಯುತ್ತದೆ.

ಹತ್ತೊಂಬತ್ತನೆಯ ಶತಮಾನದ ಕಥೆ ಹಳೆಯದಾಯಿತು ಎನ್ನುವವರಿಗೆ ಮಸಾಚುಸೆಟ್ಸ್‌ನ ಹೇವರ್‌ಹಿಲ್ ಊರಿನ ಒಂದು ಮನೆಯ ಸಂಗತಿ ಹೇಳುತ್ತೇನೆ. ಸಾಲ ತೀರಿಸದವರ ಮನೆಯೊಂದನ್ನು 2006ರಲ್ಲಿ ಬ್ಯಾಂಕು ಜಪ್ತಿ ಮಾಡಿ ಬೇರೊಬ್ಬರಿಗೆ ಮಾರಿತು. ಜಪ್ತಿ ಮಾಡಿದ ದಿನ ಆ ಅಡಮಾನ ಇನ್ನೂ ಆ ಬ್ಯಾಂಕಿನ ಹೆಸರಿಗೆ ವರ್ಗಾವಣೆಯೇ ಆಗಿರಲಿಲ್ಲ. 2011ರ ಅಕ್ಟೋಬರಿನಲ್ಲಿ ರಾಜ್ಯದ ಅತ್ಯುನ್ನತ ಕೋರ್ಟು, ಜಪ್ತಿಯೇ ಅಸಿಂಧು, ಆದ್ದರಿಂದ ಬ್ಯಾಂಕಿಗೆ ಮಾರಲು ಏನೂ ಇರಲಿಲ್ಲ, ಕೊಂಡವರಿಗೆ ಏನೂ ಬರಲಿಲ್ಲ ಎಂಬ ನಿಲುವಿಗೆ ಬಂತು. ಕೊಂಡವರು ಮೋಸಗಾರರಲ್ಲ, ಮಾರಿದ್ದು ಹೆಸರಾಂತ ಬ್ಯಾಂಕು, ಡೀಡ್ ದಾಖಲಾಗಿತ್ತು. 2008ರ ಸುತ್ತಿನ ಸಾಲದ ಬಿಕ್ಕಟ್ಟಿನಲ್ಲಿ ಹೀಗೆ ಕೈ ಬದಲಾದ ಮನೆಗಳಿಗಾಗಿ ಆ ರಾಜ್ಯ 2015ರಲ್ಲಿ ಪ್ರತ್ಯೇಕ ಕಾನೂನನ್ನೇ ತರಬೇಕಾಯಿತು.

"ನಮ್ಮದು ಹೊಸ ಮನೆ, ನಾವೇ ಮೊದಲ ಮಾಲೀಕರು" ಎಂದು ಡಲ್ಲಾಸ್ ಸುತ್ತಲಿನ ಹೊಸ ಬಡಾವಣೆಗಳಲ್ಲಿ ಕೊಳ್ಳುವವರು ಹೇಳುತ್ತಾರೆ. ಗೋಡೆ ಹೊಸದು, ಗೋಡೆ ನಿಂತ ಜಮೀನು ಹಳೆಯದು. ಬಿಲ್ಡರ್ ಕೊಳ್ಳುವ ಮೊದಲು ಅದು ಯಾರದೋ ಹೊಲ, ಯಾರದೋ ಕುಟುಂಬದ ಆಸ್ತಿ. ಜೊತೆಗೆ ಹೊಸ ಮನೆಗೇ ಅಂಟಿದ ಅಪಾಯವೊಂದಿದೆ. ಚಾವಣಿ ಹಾಕಿದವರಿಗೋ ಪ್ಲಂಬಿಂಗ್ ಮಾಡಿದವರಿಗೋ ಬಿಲ್ಡರ್ ಹಣ ಕೊಡದೆ ಉಳಿಸಿಕೊಂಡಿದ್ದರೆ ಅವರು ಮನೆಯ ಮೇಲೆಯೇ ಮೆಕ್ಯಾನಿಕ್ಸ್ ಲೀನ್ (ಬಾಕಿ ಹಣಕ್ಕಾಗಿ ಆಸ್ತಿಯ ಮೇಲಿನ ಹಕ್ಕು) ಹೂಡಬಹುದು. ಹಲವು ರಾಜ್ಯಗಳಲ್ಲಿ ಕೆಲಸ ಮುಗಿದು ಕೆಲವು ತಿಂಗಳಾದ ಮೇಲೂ ಅದನ್ನು ದಾಖಲಿಸಲು ಅವಕಾಶವಿದೆ. ಕ್ಲೋಸಿಂಗ್ ದಿನದ ಹುಡುಕಾಟದಲ್ಲಿ ಅದು ಕಾಣುವುದೇ ಇಲ್ಲ. ಪಾಲಿಸಿಯಲ್ಲಿ ಇದು ಸೇರಿದೆಯೋ ಹೊರಗಿಟ್ಟಿದ್ದಾರೋ ಎಂದು ಹೊಸ ಮನೆ ಕೊಳ್ಳುವವರು ಬಾಯಿಬಿಟ್ಟು ಕೇಳಲೇಬೇಕು.

ಇನ್ನೊಂದು ಕಾರಣ ನಮ್ಮಂಥವರಿಗೆ ವಿಶೇಷವಾಗಿ ಅನ್ವಯಿಸುತ್ತದೆ, ಇದನ್ನು ಯಾರೂ ಒತ್ತಿ ಹೇಳಿದ್ದನ್ನು ನಾನು ಕೇಳಿಲ್ಲ. ಎಚ್-1ಬಿ ವೀಸಾದಲ್ಲಿರುವವರ ಕೆಲಸ ಹೋದರೆ ಸಿಗುವ ಗಡುವು ಹೆಚ್ಚೆಂದರೆ 60 ದಿನ. ಗ್ರೀನ್ ಕಾರ್ಡ್ ಸರದಿ ವರ್ಷಗಟ್ಟಲೆ ಎಳೆಯುವುದರಿಂದ, ಮನೆ, ಮಕ್ಕಳ ಶಾಲೆ ಎಲ್ಲ ಇದ್ದೂ ಈ ಗಡುವಿನ ಕೆಳಗೇ ಬದುಕುವವರು ನಮ್ಮಲ್ಲಿ ಬಹಳ. ಅಂಥ ಹೊತ್ತಿನಲ್ಲಿ ಮನೆ ಮಾರಲು ಹೋದಾಗ ಕೊಳ್ಳುವವರ ಟೈಟಲ್ ಕಂಪನಿ ಇಪ್ಪತ್ತು ವರ್ಷ ಹಳೆಯ ತೀರದ ಅಡಮಾನವೊಂದನ್ನು ಎತ್ತಿ ತೋರಿಸಿದರೆ? ಸ್ವಂತ ಖರ್ಚಿನಲ್ಲಿ ವಕೀಲರನ್ನು ಹಿಡಿದು, ಬೇರೆ ಹೆಸರಿಗೆ ತಿರುಗಿರುವ ಹಳೆಯ ಬ್ಯಾಂಕಿನಿಂದ ಬಿಡುಗಡೆ ಪತ್ರ ತರುವುದು ಬೆಂಗಳೂರಿನಿಂದ ಫೋನಿನಲ್ಲಿ ಆಗುವ ಕೆಲಸವಲ್ಲ. ಪಾಲಿಸಿಯ ವ್ಯಾಪ್ತಿಗೆ ಬರುವ ದೋಷವಾದರೆ, ಅದನ್ನು ಸರಿಪಡಿಸುವ ಅಥವಾ ನಷ್ಟ ತುಂಬುವ ಹೊಣೆ ವಿಮಾ ಕಂಪನಿಯದು. ಮೊಕದ್ದಮೆ ಬಿದ್ದರೆ ವಕೀಲರ ಖರ್ಚೂ ಅದರದೇ. ಅವರೂ ಸಮಯ ತೆಗೆದುಕೊಳ್ಳುತ್ತಾರೆ, 60 ದಿನದಲ್ಲಿ ಮುಗಿಯುತ್ತದೆಂದು ಯಾರೂ ಮಾತು ಕೊಡಲಾರರು. ಆದರೂ ಸೂಟ್‌ಕೇಸ್ ಕಟ್ಟುತ್ತಿರುವ ಕುಟುಂಬಕ್ಕೆ ಆ ಹೊರೆ ಇನ್ನೊಬ್ಬರ ಹೆಗಲಿನ ಮೇಲಿದೆ ಎಂಬುದು ದೊಡ್ಡ ಆಸರೆ. ನನ್ನ ಮಟ್ಟಿಗೆ, ಮನೆಯೇ ಕಳೆದುಹೋಗುವ ಅಪರೂಪದ ದುರಂತಕ್ಕಿಂತ ಈ ವಕೀಲರ ಖರ್ಚು ಮತ್ತು ಪತ್ರ ಸರಿಪಡಿಸುವ ಹೊಣೆಯೇ ಪಾಲಿಸಿಯ ನಿಜವಾದ ಬೆಲೆ.

ಈಗ ಹಣದ ಮಾತು. ಓನರ್ಸ್ ಪಾಲಿಸಿಯ ಪೂರ್ಣ ಬೆಲೆ ಕೇಳಿ ಬೆಚ್ಚುವವರು, ಅದನ್ನು ಬಿಟ್ಟರೆ ಅಷ್ಟೂ ಉಳಿಯುತ್ತದೆ ಎಂದುಕೊಳ್ಳುತ್ತಾರೆ. ಬಹಳ ಕಡೆ ಹಾಗಾಗುವುದಿಲ್ಲ. ಎರಡು ಪಾಲಿಸಿಯನ್ನೂ ಒಟ್ಟಿಗೆ ಕೊಂಡರೆ ಬ್ಯಾಂಕಿನ ಪಾಲಿಸಿ ತೀರ ಅಗ್ಗವಾಗುತ್ತದೆ. ಲೆಕ್ಕಕ್ಕಾಗಿ ಒಂದು ಉದಾಹರಣೆ: ಬ್ಯಾಂಕಿನ ಪಾಲಿಸಿ ಒಂದನ್ನೇ ಕೊಂಡರೆ 1,500 ಡಾಲರ್, ನಿಮ್ಮದರ ಪೂರ್ಣ ಬೆಲೆ 1,900, ಜೊತೆಗೆ ಕೊಂಡಾಗ ಬ್ಯಾಂಕಿನದಕ್ಕೆ ಕೇವಲ 100. ಎರಡೂ ಸೇರಿ 2,000. ಅಂದರೆ ನಿಮ್ಮ ಪಾಲಿಸಿಗೆ ನಿಜವಾಗಿ ಹೆಚ್ಚುವರಿಯಾಗಿ ಬೀಳುವುದು 500. 2015ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಕೇಂದ್ರದ ನಿಯಮದ ಪ್ರಕಾರ ಕ್ಲೋಸಿಂಗ್ ಡಿಸ್‌ಕ್ಲೋಷರ್‌ನಲ್ಲಿ ತೋರಿಸುವುದೂ ಈ ವ್ಯತ್ಯಾಸದ ಮೊತ್ತವನ್ನೇ. ಟೈಟಲ್ ಕಂಪನಿಯವರ ಸ್ವಂತ ಲೆಕ್ಕದ ಹಾಳೆಯಲ್ಲಿ ಅಂಕಿ ಬೇರೆ ಕಂಡರೆ ಗಾಬರಿಯಾಗಬೇಡಿ, ಎರಡು ಪಾಲಿಸಿಯ ಮೊತ್ತ ಕೂಡಿ ನೋಡಿ. ಮಾರುವವರು ಕೆಲವೇ ವರ್ಷಗಳ ಹಿಂದೆ ಪಾಲಿಸಿ ತೆಗೆದುಕೊಂಡಿದ್ದರೆ 'ರೀಇಶ್ಯೂ' ದರ ಎಂಬ ರಿಯಾಯಿತಿ ಹಲವು ರಾಜ್ಯಗಳಲ್ಲಿದೆ. ಕೇಳದವರಿಗೆ ಅದು ಸಿಗದೇ ಹೋಗಬಹುದು. ಹಳೆಯ ಪಾಲಿಸಿಯ ಪ್ರತಿಯನ್ನು ಮಾರುವವರಿಂದ ಪಡೆದು ಮುಂದಿಡಿ.

ಯಾರು ಹಣ ಕೊಡಬೇಕೆಂಬುದು ರಾಜ್ಯಕ್ಕೊಂದು, ಕೆಲವೆಡೆ ಕೌಂಟಿಗೊಂದು ರೂಢಿ. ಟೆಕ್ಸಾಸ್‌ನಲ್ಲಿ ಬಹಳ ಸಲ ಮಾರುವವರೇ ಕೊಡುತ್ತಾರೆ, ಆದರೆ ಅದು ಮಾತುಕತೆಗೆ ಬಿಟ್ಟದ್ದು. ನ್ಯೂಜೆರ್ಸಿಯಲ್ಲಿ ಕೊಳ್ಳುವವರ ಪಾಲು. ಕ್ಯಾಲಿಫೋರ್ನಿಯಾದಲ್ಲಿ ಕೌಂಟಿ ದಾಟಿದರೆ ಪದ್ಧತಿ ಬದಲಾಗುತ್ತದೆ. ದರವನ್ನು ಸರ್ಕಾರವೇ ನಿಗದಿ ಮಾಡುವ ಟೆಕ್ಸಾಸ್‌ನಂಥ ರಾಜ್ಯದಲ್ಲಿ ಪ್ರೀಮಿಯಂ ಚೌಕಾಸಿಯಿಂದ ಲಾಭವಿಲ್ಲ, ಅಲ್ಲಿ ಎಸ್ಕ್ರೋ ಮತ್ತು ಇತರ ಶುಲ್ಕಗಳನ್ನು ಹೋಲಿಸಿ. ಉಳಿದ ಕಡೆ ಎರಡು ಮೂರು ಕಂಪನಿಗಳಲ್ಲಿ ವಿಚಾರಿಸಿ.

ಈ ವಿಮೆಯ ಟೀಕಾಕಾರರ ಮಾತಿನಲ್ಲಿ ಸತ್ಯವಿದೆ, ಅದನ್ನು ನಿಮ್ಮಿಂದ ಮುಚ್ಚಿಡಲಾರೆ. ವಸೂಲಾದ ಪ್ರೀಮಿಯಂನಲ್ಲಿ ಪರಿಹಾರವಾಗಿ ಹಿಂದಕ್ಕೆ ಹೋಗುವುದು ಸಾಮಾನ್ಯವಾಗಿ ಶೇ. 5ರ ಆಸುಪಾಸು. ದೊಡ್ಡ ಪಾಲು ಏಜೆಂಟರ ಕಡೆಗೆ ಹೋಗುತ್ತದೆ. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2007ರಲ್ಲೇ ಈ ಉದ್ಯಮದಲ್ಲಿ ಬೆಲೆಯ ಪೈಪೋಟಿ ಸಾಲದೆಂದು ಎಚ್ಚರಿಸಿತ್ತು. ಮಾರುಕಟ್ಟೆಯ ಬಹುಭಾಗ ಫಿಡೆಲಿಟಿ ನ್ಯಾಷನಲ್, ಫಸ್ಟ್ ಅಮೆರಿಕನ್, ಓಲ್ಡ್ ರಿಪಬ್ಲಿಕ್, ಸ್ಟುವರ್ಟ್ ಎಂಬ ನಾಲ್ಕು ಸಮೂಹಗಳ ಕೈಯಲ್ಲಿದೆ. ದೋಷವನ್ನು ಮೊದಲೇ ಹುಡುಕಿ ಸರಿಪಡಿಸುವುದಕ್ಕೇ ಹಣ ಖರ್ಚಾಗುತ್ತದೆ, ಅದಕ್ಕೇ ಪರಿಹಾರ ಕಡಿಮೆ ಎಂಬುದು ಉದ್ಯಮದ ಉತ್ತರ. ಅದು ಅರ್ಧ ನಿಜ. ಬೇರೆ ದಾರಿಯೂ ಇದೆ ಎಂಬುದಕ್ಕೆ ಅಯೋವಾ ಸಾಕ್ಷಿ. ಅಲ್ಲಿ 1947ರಿಂದ ಖಾಸಗಿ ಟೈಟಲ್ ವಿಮೆ ಮಾರುವಂತಿಲ್ಲ. 1980ರ ದಶಕದಿಂದ ರಾಜ್ಯ ಸರ್ಕಾರದ ಸಂಸ್ಥೆಯೇ ಕಡಿಮೆ ಬೆಲೆಗೆ ಖಾತರಿ ಕೊಡುತ್ತದೆ. ಬೆಲೆ ಇಳಿಯಬೇಕು ಎಂದು ನಿಮಗೂ ಅನ್ನಿಸಿದರೆ ನಿಮ್ಮ ರಾಜ್ಯದ ವಿಮಾ ಇಲಾಖೆಗೆ ಬರೆಯಿರಿ, ದರದ ಬಗ್ಗೆ ಸಾರ್ವಜನಿಕ ವಿಚಾರಣೆ ನಡೆದಾಗ ಹೋಗಿ ಮಾತಾಡಿ. ಮತದ ಹಕ್ಕಿಲ್ಲದಿದ್ದರೂ ಪ್ರೀಮಿಯಂ ಕಟ್ಟುವವರಾಗಿ ಆ ಹಕ್ಕು ನಿಮಗಿದೆ. ಆದರೆ ದರ ಅನ್ಯಾಯದ್ದೆಂಬ ಸಿಟ್ಟಿಗೆ ನಿಮ್ಮ ಮನೆಯನ್ನು ರಕ್ಷಣೆಯಿಲ್ಲದೆ ಬಿಡಬೇಡಿ. ವಿಮಾ ಕಂಪನಿಗೆ ನಿಮ್ಮದು ಲಕ್ಷಾಂತರ ಮನೆಗಳಲ್ಲಿ ಒಂದು. ನಿಮಗೆ ಇರುವುದು ಒಂದೇ.

ಕಾನೂನು ಕೊಟ್ಟಿರುವ ಎರಡು ಅಸ್ತ್ರಗಳನ್ನೂ ತಿಳಿದಿರಿ. ಮನೆ ಖರೀದಿಯ ವ್ಯವಹಾರ ಕುರಿತ 1974ರ ರೆಸ್ಪಾ ಕಾಯ್ದೆಯ 9ನೇ ವಿಧಿಯ ಪ್ರಕಾರ, ಬ್ಯಾಂಕ್ ಸಾಲದ ಖರೀದಿಯಲ್ಲಿ ಇಂಥದೇ ಕಂಪನಿಯಿಂದ ಟೈಟಲ್ ವಿಮೆ ಕೊಳ್ಳಬೇಕೆಂದು ಮಾರುವವರು ಷರತ್ತು ಹಾಕುವಂತಿಲ್ಲ. ಹಾಕಿದರೆ ಆ ವಿಮೆಗೆ ತಗುಲಿದ ವೆಚ್ಚದ ಮೂರು ಪಟ್ಟು ಹಣಕ್ಕೆ ಅವರು ಹೊಣೆ. ಬಿಲ್ಡರ್‌ಗಳಿಗೂ ಇದು ಅನ್ವಯ. 8ನೇ ವಿಧಿ ಗಿರಾಕಿ ಕಳಿಸಿದ್ದಕ್ಕೆ ಕಮಿಷನ್ ಪಡೆಯುವುದನ್ನು ನಿಷೇಧಿಸುತ್ತದೆ. ಏಜೆಂಟರಿಗೆ ಟೈಟಲ್ ಕಂಪನಿಯಲ್ಲಿ ಪಾಲಿದ್ದರೆ ಅದನ್ನು ಬರವಣಿಗೆಯಲ್ಲಿ ತಿಳಿಸಬೇಕು. ರಿಯಲ್ ಎಸ್ಟೇಟ್ ಏಜೆಂಟರಾಗಿರುವ ಕನ್ನಡಿಗ ಮಿತ್ರರಲ್ಲಿ ನನ್ನದೊಂದು ಕೋರಿಕೆ: ಕನ್ನಡ ಕೂಟದ ಪರಿಚಯದಿಂದ, ನಿಮ್ಮ ಮೇಲಿನ ವಿಶ್ವಾಸದಿಂದ ಜನ ನಿಮ್ಮ ಬಳಿ ಬರುತ್ತಾರೆ. ಟೈಟಲ್ ಕಂಪನಿಯಲ್ಲಿ ನಿಮಗೆ ಪಾಲಿದ್ದರೆ ಅವರು ಕೇಳುವ ಮೊದಲೇ ಅದನ್ನು ಹೇಳಿ.

ಪಾಲಿಸಿ ತೆಗೆದುಕೊಂಡರೆ ಎಲ್ಲಕ್ಕೂ ರಕ್ಷಣೆ ಎಂದೂ ತಿಳಿಯಬಾರದು. ಕ್ಲೋಸಿಂಗ್‌ಗೆ ಮೊದಲು ಟೈಟಲ್ ಕಂಪನಿ 'ಕಮಿಟ್‌ಮೆಂಟ್' ಎಂಬ ಪತ್ರ ಕೊಡುತ್ತದೆ, ಕ್ಯಾಲಿಫೋರ್ನಿಯಾದಲ್ಲಿ 'ಪ್ರಿಲಿಮಿನರಿ ರಿಪೋರ್ಟ್' ಎನ್ನುತ್ತಾರೆ. ಯಾವುದಕ್ಕೆ ವಿಮೆ ಇಲ್ಲ ಎಂಬ ಪಟ್ಟಿ ಅದರಲ್ಲೇ ಇರುತ್ತದೆ. ಕಮಿಟ್‌ಮೆಂಟಿನಲ್ಲಿ ಅದು ಷೆಡ್ಯೂಲ್ ಬಿ. ನಮ್ಮವರು ಓದದೆ ಬಿಡುವುದು ಇದನ್ನೇ. ಹಿತ್ತಲಿನ ಅಡಿಯಲ್ಲಿ ಹೋಗುವ ಕೊಳವೆ ಮಾರ್ಗದ ಹಕ್ಕು, ಪಕ್ಕದವರಿಗೆ ದಾರಿ ಬಿಡಬೇಕೆಂಬ ಹಳೆಯ ಕರಾರು, ಎಚ್‌ಓಎ ನಿಬಂಧನೆ, ಸರ್ವೆ ಮಾಡಿದರೆ ಮಾತ್ರ ಗೊತ್ತಾಗುವ ಬೇಲಿಯ ಒತ್ತುವರಿ, ಇವೆಲ್ಲ ಅಲ್ಲಿ ಹೊರಗುಳಿಯುತ್ತವೆ. ಈಜುಕೊಳ ಕಟ್ಟಿಸುವ ಆಸೆಯಿದ್ದರೆ ಆ ಕೊಳವೆ ಮಾರ್ಗ ಎಲ್ಲಿ ಹಾಯುತ್ತದೆಂದು ಕೊಳ್ಳುವ ಮೊದಲೇ ನಕ್ಷೆ ಕೇಳಿ. ಸರ್ವೆಯ ವಿನಾಯಿತಿಯನ್ನು ಸಣ್ಣ ಮೊತ್ತ ಕಟ್ಟಿ ತೆಗೆಸಬಹುದೇ ವಿಚಾರಿಸಿ. ನಿಮಗೇ ಗೊತ್ತಿದ್ದು ಕಂಪನಿಗೆ ತಿಳಿಸದ ದೋಷಕ್ಕೆ ಪರಿಹಾರವಿಲ್ಲ. ಝೋನಿಂಗ್ ನಿಯಮಕ್ಕೆ, ಸರ್ಕಾರ ರಸ್ತೆಗೆ ಜಾಗ ತೆಗೆದುಕೊಳ್ಳುವುದಕ್ಕೆ ಸಾಮಾನ್ಯ ಪಾಲಿಸಿಯಲ್ಲಿ ಜಾಗವಿಲ್ಲ.

ಸಾಮಾನ್ಯ ಪಾಲಿಸಿಯ ಮೊತ್ತ ನೀವು ಕೊಂಡ ಬೆಲೆಗೆ ನಿಂತಿರುತ್ತದೆ, ಮನೆಯ ಬೆಲೆ ಏರಿದರೂ ಅದು ಏರುವುದಿಲ್ಲ. 'ಹೋಮ್‌ಓನರ್ಸ್ ಪಾಲಿಸಿ' ಎಂಬ ವಿಸ್ತೃತ ರೂಪದಲ್ಲಿ ಅದು ವರ್ಷಕ್ಕೆ ಶೇ. 10ರಂತೆ ಐದು ವರ್ಷ ಏರಿ ಮೂಲ ಮೊತ್ತದ ಶೇ. 150ಕ್ಕೆ ಮುಟ್ಟುತ್ತದೆ. ನೀವು ಕೊಂಡ ಮೇಲೆ ಯಾರಾದರೂ ನಕಲಿ ಡೀಡ್ ಸೃಷ್ಟಿಸಿದರೆ ಅದಕ್ಕೂ, ಹಿಂದಿನ ಮಾಲೀಕರು ಪರವಾನಗಿ ಇಲ್ಲದೆ ಕಟ್ಟಿದ ಭಾಗದ ಕೆಲವು ತೊಂದರೆಗಳಿಗೂ ಮಿತಿಯೊಳಗೆ ರಕ್ಷಣೆಯಿದೆ. ಅದು ಎಲ್ಲ ಕಡೆ ಸಿಗುವುದಿಲ್ಲ, ಸಿಗುವಲ್ಲಿ ಬೆಲೆ ಸ್ವಲ್ಪ ಹೆಚ್ಚು. ಸಿಕ್ಕರೆ ಅದನ್ನೇ ಆರಿಸಿ ಎನ್ನುತ್ತೇನೆ.

ಹೆಸರಿನ ವಿಷಯದಲ್ಲಿ ನಮ್ಮವರು ಹೆಚ್ಚು ಜಾಗರೂಕರಾಗಿರಬೇಕು. ಇನಿಷಿಯಲ್ ಹಿಂದೆ ಮುಂದೆ ಆಗುವುದು, ಅಪ್ಪನ ಹೆಸರು ಸರ್‌ನೇಮ್ ಆಗುವುದು, ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ಹೆಸರು ಗೊತ್ತಿಲ್ಲ ಎಂಬರ್ಥದ 'ಎಫ್‌ಎನ್‌ಯು' ಎಂದು ಅಚ್ಚಾಗುವುದು ನಮಗೆ ಮಾಮೂಲು. ಡೀಡ್, ಸಾಲಪತ್ರ, ಪಾಲಿಸಿ ಮೂರರಲ್ಲೂ ಹೆಸರು ಪಾಸ್‌ಪೋರ್ಟಿನಂತೆ ಒಂದೇ ಆಗಿರಲಿ, ಗಂಡ ಹೆಂಡತಿ ಇಬ್ಬರ ಹೆಸರೂ ಡೀಡಿನಲ್ಲಿದ್ದರೆ ಪಾಲಿಸಿಯಲ್ಲೂ ಇರಲಿ. ಮೂಲ ಪಾಲಿಸಿ ಕ್ಲೋಸಿಂಗ್ ಆಗಿ ಕೆಲವು ವಾರಗಳ ಮೇಲೆ ಬರುತ್ತದೆ. ಬಂತೇ ಎಂದು ವಿಚಾರಿಸಿ, ಓದಿ, ಜೋಪಾನ ಮಾಡಿ. ಮುಂದೆ ಮನೆಯನ್ನು ಕುಟುಂಬದ ಟ್ರಸ್ಟಿಗೋ ಎಲ್‌ಎಲ್‌ಸಿಗೋ ವರ್ಗಾಯಿಸುವ ಮೊದಲು ಪಾಲಿಸಿ ಮುಂದುವರಿಯುತ್ತದೆಯೇ ಎಂದು ಕಂಪನಿಯಿಂದ ಲಿಖಿತ ಉತ್ತರ ಪಡೆಯಿರಿ.

ಬ್ಯಾಂಕ್ ಸಾಲವಿಲ್ಲದೆ ಪೂರ್ತಿ ನಗದು ಕೊಟ್ಟು ಕೊಳ್ಳುವವರ ಬಗ್ಗೆ ನನಗೆ ಹೆಚ್ಚು ಆತಂಕ. ಅಲ್ಲಿ ಟೈಟಲ್ ಹುಡುಕಿಸಬೇಕೆಂದು ಒತ್ತಾಯಿಸಲು ಬ್ಯಾಂಕೇ ಇಲ್ಲ. "ನಮ್ಮವರೇ ಮಾರುತ್ತಿರುವುದು, ಪರಿಚಯದವರು" ಎಂದು ಪತ್ರ ಬರೆಸಿಕೊಳ್ಳುವವರಿದ್ದಾರೆ. ದೂರದ ರಾಜ್ಯದಲ್ಲಿ ಬಾಡಿಗೆಗೆಂದು ಹರಾಜಿನ ಮನೆಗಳನ್ನು ನೋಡದೆಯೇ ಕೊಳ್ಳುವವರಿದ್ದಾರೆ. ಹರಾಜಿನಲ್ಲಿ ಕೊಂಡ ಮನೆಯ ಮೇಲೆ ಕೇಂದ್ರ ತೆರಿಗೆಯ ಲೀನ್ ಇದ್ದರೆ ಕನಿಷ್ಠ 120 ದಿನಗಳವರೆಗೆ ಸರ್ಕಾರಕ್ಕೆ ಅದನ್ನು ಬಿಡಿಸಿಕೊಳ್ಳುವ ಹಕ್ಕಿರುತ್ತದೆ. ಕ್ವಿಟ್‌ಕ್ಲೇಮ್ ಡೀಡಿನಲ್ಲಿ ಮಾರುವವರು ತಮಗೆ ಹಕ್ಕಿದೆ ಎಂಬ ಭರವಸೆಯನ್ನೂ ಕೊಡುವುದಿಲ್ಲ. ಇಂಥ ಖರೀದಿಗೆ ಟೈಟಲ್ ಕಂಪನಿ ವಿಮೆ ಕೊಡಲು ಹಿಂಜರಿದರೆ, ಆ ಹಿಂಜರಿಕೆಯೇ ನಿಮಗೆ ಬೇಕಾದ ಉತ್ತರ. ಅದನ್ನು ಕೊಳ್ಳಬೇಡಿ.

ಜಾಹೀರಾತುಗಳಲ್ಲಿ ಬರುವ 'ಟೈಟಲ್ ಲಾಕ್' ಬಗೆಯ ತಿಂಗಳ ಚಂದಾ ಸೇವೆಗಳು ಓನರ್ಸ್ ಪಾಲಿಸಿಗೆ ಬದಲಿಯಲ್ಲ. ನಿಮ್ಮ ಹೆಸರಿನಲ್ಲಿ ಪತ್ರ ದಾಖಲಾದ ಮೇಲೆ ಸುದ್ದಿ ಮುಟ್ಟಿಸುವುದು ಅವುಗಳ ಮುಖ್ಯ ಕೆಲಸ, ಅದನ್ನು ಹಲವು ಕೌಂಟಿಗಳು ಉಚಿತವಾಗಿಯೇ ಮಾಡುತ್ತವೆ. ಹಾಗೆಯೇ, ಡೌನ್ ಪೇಮೆಂಟ್ ಕಳಿಸುವ ಖಾತೆ ಬದಲಾಗಿದೆ ಎಂದು ಬರುವ ಮೋಸದ ಇಮೇಲ್ ನಂಬಿ ಕಳೆದುಕೊಂಡ ಹಣಕ್ಕೆ ಓನರ್ಸ್ ಪಾಲಿಸಿ ಹೊಣೆಯಾಗುವುದಿಲ್ಲ. ಹಣ ಕಳಿಸುವ ಮೊದಲು, ಮೊದಲೇ ಬರೆದಿಟ್ಟುಕೊಂಡ ನಂಬರಿಗೆ ನೀವೇ ಫೋನ್ ಮಾಡಿ ಖಾತೆಯ ವಿವರ ಖಚಿತಪಡಿಸಿಕೊಳ್ಳಿ.

ಈ ಪಾಲಿಸಿ ಮತ್ತೆ ಬೇಡವಾದ ಸಂದರ್ಭವೂ ಇದೆ. ರೀಫೈನಾನ್ಸ್ ಮಾಡಿಸಿದಾಗ ಹೊಸ ಸಾಲಕ್ಕೆ ಬ್ಯಾಂಕಿನ ಹೊಸ ಪಾಲಿಸಿ ಬೇಕಾಗಬಹುದು, ನಿಮ್ಮ ಹಳೆಯ ಓನರ್ಸ್ ಪಾಲಿಸಿ ಹಾಗೆಯೇ ಮುಂದುವರಿಯುತ್ತದೆ. ಅದನ್ನು ಎರಡನೆಯ ಸಲ ಕೊಳ್ಳಬೇಕಾಗಿಲ್ಲ.

ಕನ್ನಡ ಕೂಟಗಳ ಪದಾಧಿಕಾರಿಗಳಲ್ಲಿ ವಿನಂತಿ. ಯುಗಾದಿ, ರಾಜ್ಯೋತ್ಸವಗಳ ನಡುವೆ ವರ್ಷಕ್ಕೊಂದು ಸಂಜೆ ಮನೆ ಕೊಳ್ಳುವವರಿಗಾಗಿ ಇಡಿ. ನಿಮ್ಮ ರಾಜ್ಯದ ರಿಯಲ್ ಎಸ್ಟೇಟ್ ವಕೀಲರೊಬ್ಬರನ್ನು ಕರೆಸಿ, ಒಂದು ನಿಜವಾದ ಕಮಿಟ್‌ಮೆಂಟನ್ನು ಹೆಸರು ಅಳಿಸಿ ಪರದೆಯ ಮೇಲೆ ಹಾಕಿ ಸಾಲು ಸಾಲಾಗಿ ಓದಿಸಿ. ಪಾಲಿಸಿ ಮಾರುವವರನ್ನೇ ಕರೆಸಿ ಭಾಷಣ ಮಾಡಿಸಬೇಡಿ. 'ಅಕ್ಕ', 'ನಾವಿಕ' ಕನ್ನಡ ಸಮ್ಮೇಳನಗಳಲ್ಲೂ ಇಂಥ ಗೋಷ್ಠಿಗೆ ಒಂದು ಗಂಟೆ ಸಿಗಲಿ. ಹತ್ತು ವರ್ಷದಿಂದ ಇಲ್ಲಿ ಮನೆ ಮಾಡಿಕೊಂಡಿರುವ ಹಿರಿಯರು ತಮ್ಮ ಪಾಲಿಸಿ ಎಲ್ಲಿದೆ ಎಂದು ಈ ವಾರವೇ ಹುಡುಕಿ ನೋಡಲಿ, ಹೊಸದಾಗಿ ಬಂದವರಿಗೆ ತೋರಿಸಲಿ.

ಮನೆ ಕೊಳ್ಳುತ್ತಿರುವವರಲ್ಲಿ ಕೊನೆಯ ಕೋರಿಕೆ ಇಷ್ಟೇ. ಆಫರ್ ಒಪ್ಪಿಗೆಯಾದ ವಾರವೇ ಟೈಟಲ್ ಕಂಪನಿಯನ್ನು ನೀವೇ ಆರಿಸಿ. ಕ್ಲೋಸಿಂಗ್‌ಗೆ ಎರಡು ವಾರ ಮೊದಲು ಕಮಿಟ್‌ಮೆಂಟ್ ಕೈಗೆ ಬರಲಿ ಎಂದು ಪಟ್ಟು ಹಿಡಿಯಿರಿ. ಷೆಡ್ಯೂಲ್ ಬಿ ಓದಿ, ಅರ್ಥವಾಗದ ಪ್ರತಿ ಸಾಲಿಗೂ ಇಮೇಲ್‌ನಲ್ಲಿ ಉತ್ತರ ಕೇಳಿ. ಆಮೇಲೆ ಓನರ್ಸ್ ಪಾಲಿಸಿಯನ್ನು ನಿಮ್ಮ ಹೆಸರಿಗೆ ತೆಗೆದುಕೊಳ್ಳಿ.